ಬೀಗಕ್ಕೆ ಪೊಲೀಸ್ ಕಾವಲು

ಆಲೆಮನೆ ಬೀದಿ
3 ಮಾರ್ಚ್ 2025

ಅಲ್ಲ ಕಣೇ ಕುಸುಮಾ, ಐದನೇ ಪ್ರತಿವಾದಿ ಅಂದ್ರೆ ನಾನೇನಾ?

ಕೋರ್ಟ್ ನೋಟೀಸು ಇಂಗ್ಲಿಷಲ್ಲಿತ್ತು, ಪೋಸ್ಟ್‌ಮ್ಯಾನ್ ಕೈಲಿ ಓದಿಸ್ದೆ. ಅವನ ಮೇಲೆ ನಂಬ್ಕೆ ಬರ್ದೆ ಟೈಪಿಂಗ್ ಅಂಗಡಿಯೋನ ಕೈಲೂ ಓದಿಸ್ದೆ. ಮೊದಲ್ನೇದು ಸರ್ಕಾರ, ಆಮೇಲೆ ಎಸ್‌ಪಿ ಸಾಹೇಬ್ರು, ಆಮೇಲೆ ನಮ್ಮ ಟೌನ್ ಸ್ಟೇಷನ್ನು, ಆಮೇಲೆ ಫೈನಾನ್ಸು. ಅವರ ಬೆನ್ನಿಗೇ ನಾನು! ಪುಟ್ಟತಾಯಮ್ಮ, ಗಂಡ ಲೇಟ್ ಬೋರಪ್ಪ, ಸ್ಕೂಲಲ್ಲಿ ಬಿಸಿಯೂಟ ಬೇಯ್ಸೋಳು. ಅಂಥಾ ದೊಡ್ಡೋರ ಸಾಲಲ್ಲಿ ನಂಗೊಂದು ಮಣೆ ಹಾಕ್ಸಿದ್ದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ.

ಟೈಪಿಂಗ್ ಅಂಗಡಿಯೋನು ಕನ್ನಡಕ ಇಳಿಸ್ಕಂಡು ನನ್ನನ್ನೇ ನೋಡ್ದ. "ಅಕ್ಕ, ನೀವು ಮನೆಗೆ ನುಗ್ಗಿ ಕಿರುಕುಳ ಕೊಟ್ಟಿದ್ದೀರಂತೆ. ನಿಮ್ಮಿಂದ ಅವ್ರಿಗೆ ಪ್ರಾಣಭಯ ಐತಂತೆ. ಪೊಲೀಸ್ ರಕ್ಷಣೆ ಕೊಡಿ ಅಂತ ಹೈಕೋರ್ಟಿಗೆ ಹೋಗವ್ರೆ" ಅಂದ. ಅಂಗಡೀಲಿ ಜೆರಾಕ್ಸಿಗೆ ಬಂದಿದ್ದೋರೆಲ್ಲ ಒಂದ್ ಹೆಜ್ಜೆ ಹಿಂದಕ್ಕೋದ್ರು, ನಾನೇನೋ ಮಚ್ಚು ಹಿಡ್ಕಂಡು ನಿಂತಿರೋ ಹಂಗೆ.

ನುಗ್ಗೋಕೆ ನಿನ್ನ ಮನೆ ಯಾವ ಅರಮನೆನೇ? ಮಧ್ಯೆ ಇರೋದು ಒಂದೇ ಗೋಡೆ. ನೀನು ಒಗ್ಗರಣೆ ಹಾಕಿದ್ರೆ ಕೆಮ್ತಾ ಇದ್ದೋಳು ನಾನು. ಲಿಖಿತಾ ಹುಟ್ಟಿದಾಗ ಆಸ್ಪತ್ರೆಲಿ ಮೊದಲು ಎತ್ಕಂಡಿದ್ದು ಈ ಪ್ರತಿವಾದಿನೇಯ.

ಸ್ಟೇಷನ್ನಿಗೆ ಕರ್ಸಿದ್ರು. ಇಡೀ ಬೆಳಗ್ಗೆ ಬೆಂಚಿನ ಮೇಲೆ ಕೂರ್ಸಿ ಮುಚ್ಚಳಿಕೆ ಬರೆಸ್ಕಂಡ್ರು. ಕುಸುಮಾ ಅನ್ನೋರ ಹೊಸ್ತಿಲು ತುಳಿಯಲ್ಲ, ಅವರ ಮೆಟ್ಲ ಮೇಲೆ ಕೂರಲ್ಲ, ಸಾಲದ ವಿಷ್ಯ ಎತ್ತಲ್ಲ ಅಂತ ಸೈನ್ ಹಾಕಿ ಬಂದೆ. ನಲ್ಲಿ ಇರೋದೇ ನಿನ್ನ ಮೆಟ್ಲ ಪಕ್ಕ. ಇನ್ ನೀರಿಗೆ ಎಲ್ಲಿಗೋಗ್ಲೇ ನಾನು? ಹೈಕೋರ್ಟಿಗಾ?

ಒಂದೇ ಗುಂಪಲ್ಲಿ ಸಾಲ ತಗಂಡ್ವಿ. ಎಲ್ರೂ ಎದ್ದು ನಿಂತು, ಒಬ್ಬಳು ಕಟ್ಟದಿದ್ರೆ ಮಿಕ್ಕೋರು ಕಟ್ತೀವಿ ಅಂತ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದ್ವಿ. ನೀನು ಮಗಳನ್ನ ಕಟ್ಕಂಡು ರಾತ್ರೋರಾತ್ರಿ ಮಾಯ ಆದೆ. ಫೋನ್ ಸತ್ತೋಗದೆ. ನೋಟೀಸಲ್ಲಿ ಲಾಯರಮ್ಮನ ವಿಳಾಸ ಇತ್ತು, ಅದಕ್ಕೇ ಬರೀತಿದ್ದೀನಿ. ಓದೋಕೂ ರಕ್ಷಣೆ ಬೇಕಿದ್ರೆ ಇಬ್ರು ಪೊಲೀಸ್ರನ್ನ ಪಕ್ಕದಲ್ಲಿ ಕೂರ್ಸ್ಕೊಂಡು ಓದು.

ಪುಟ್ಟತಾಯಮ್ಮ


15 ಮಾರ್ಚ್ 2025

ಪುಟ್ಟತಾಯಮ್ಮನವರಿಗೆ,

ಅಕ್ಕ ಎಂದು ಬರೆಯಲು ಪೆನ್ನು ಏಳಲಿಲ್ಲ. ಊರು ಬರೆದಿಲ್ಲ, ಹುಡುಕಬೇಡಿ. ಉತ್ತರವನ್ನು ಮೇಡಂ ಆಫೀಸಿಗೇ ಕಳಿಸಿ.

ನುಗ್ಗಲಿಲ್ಲ ಅಂದಿರಿ. ಸರಿ, ನುಗ್ಗಲಿಲ್ಲ. ಕರೆದ ನೆಂಟರ ಹಾಗೆ ಕೈಯಲ್ಲಿ ರವಿಕೆ ಕಣ ಹಿಡಿದುಕೊಂಡು ಬಂದಿರಿ. ಹಿಂದೆ ಗುಂಪಿನ ಹೆಂಗಸರು, ಅವರ ಹಿಂದೆ ಫೈನಾನ್ಸಿನ ಲೋಹಿತ.

ಅವತ್ತು ಲಿಖಿತಾಳ ಆರತಿ. ದೊಡ್ಡವಳಾದ ಮಗಳಿಗೆ ಸೋದರಮಾವ ಹೊಸ್ತಿಲ ಒಳಗೇ, ನಡುಮನೆಯಲ್ಲಿ, ಹಸಿರು ಗುಡಿಸಲು ಕಟ್ಟಿಕೊಟ್ಟಿದ್ದ. ಮಗು ಹಸೆಯ ಮೇಲೆ ಕೂತಿತ್ತು, ಮಡಿಲಲ್ಲಿ ಚಿಗಳಿ, ತಂಬಿಟ್ಟು. ಮುಯ್ಯಿ ತಟ್ಟೆಗೆ ಬೀದಿಯವರೆಲ್ಲ ಕವರು ಹಾಕಿ ಹೆಸರು ಬರೆಸುತ್ತಿದ್ದರು. ಆಗ ಲೋಹಿತ ಪೆಂಡಾಲಿನ ಮಧ್ಯೆ ನಿಂತು, "ಬಾಡೂಟ ಹಾಕ್ಸೋಕೆ ಇರ್ತದೆ, ಕಂತಿಗೆ ಇರಲ್ವಾ? ಬಾಕಿ ಬರೋವರ್ಗೂ ಇವ್ರು ಯಾರೂ ಏಳಲ್ಲ. ಲೀಡರಮ್ಮ, ಕೂರ್ಸಿ ಎಲ್ರನ್ನೂ" ಅಂದ.

ನೀವು ಕೂರಿಸಿದಿರಿ. ಮೊದಲು ನೀವೇ ಕೂತಿರಿ, ಗುಡಿಸಲಿನ ಬಾಗಿಲಿಗೆ ಅಡ್ಡವಾಗಿ. "ಎದ್ದೋಗಕ್ಕ, ಮಗು ಆರತಿ ಕಣಕ್ಕ" ಎಂದು ಕಾಲು ಮುಟ್ಟಿದೆ. "ನಾನೇನ್ ಮಾಡ್ಲಿ, ನೀನು ಕೊಟ್ರೆ ನಾವು ಏಳ್ತೀವಿ" ಅಂದಿರಿ. ನಾನು ಎಲ್ಲಿಂದ ಕೊಡಲಿ? ರಸ್ತೆ ಅಗಲ ಮಾಡುತ್ತೇವೆಂದು ನನ್ನ ಇಡ್ಲಿ ಗಾಡಿಯನ್ನು ಪುರಸಭೆಯವರು ಎತ್ತಿಕೊಂಡು ಹೋದಾಗ ಪಕ್ಕದಲ್ಲೇ ನಿಂತು ನೋಡಿದವರು ನೀವು.

ಆಮೇಲೆ ಎದ್ದು ಮುಯ್ಯಿ ತಟ್ಟೆಯನ್ನೇ ಎತ್ತಿದಿರಿ. ಕವರುಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು ಲೋಹಿತನ ಹಿಂದೆ ಹೊರಗೆ ಹೋದಿರಿ. ಅಷ್ಟರಲ್ಲಿ ಎಲೆ ಬಿಟ್ಟು ಎದ್ದಿದ್ದ ನನ್ನ ಅಣ್ಣ ಹೊರಟೇ ಹೋದ. ಎತ್ತಿದ ಆರತಿ ಅರ್ಧಕ್ಕೇ ನಿಂತಿತು. ಪೆಂಡಾಲು ಖಾಲಿಯಾದ ಮೇಲೆ ಒಳಗಿನಿಂದ ಒಂದು ದನಿ: "ಅಮ್ಮಾ, ನಾನಿನ್ನು ಏಳ್ಲಾ?" ಮಗು ಹಸೆಯ ಮೇಲಿದೆ ಅನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು.

ಲಾಯರ್ ಶಾಹೀನ್ ಮೇಡಂ ಕೇಳಿದರು, "ಯಾರು ಬಂದ್ರು, ಅವರ ತಂದೆ ಅಥವಾ ಗಂಡನ ಹೆಸರು, ವಿಳಾಸ ಹೇಳಿ." ಲೋಹಿತನಿಗೆ ನಾವೆಲ್ಲ ಸಾರ್ ಸಾರ್ ಅನ್ನುತ್ತಿದ್ದೆವೇ ಹೊರತು ಅವನ ಊರು, ಅಪ್ಪನ ಹೆಸರು ಯಾರಿಗೆ ಗೊತ್ತು? ನಿಮ್ಮದು ಎಲ್ಲಾ ಗೊತ್ತಿತ್ತು. ಹೇಳಿದೆ.

ಒಂದೇ ಪ್ರಶ್ನೆ. ಅದೇ ವಾರ ನಿಮ್ಮ ಮಗನ ಆಟೋಗೆ ಟಾಪ್‌ಅಪ್ ಸಾಲ ಪಾಸಾಗಬೇಕಿತ್ತು. ಗುಂಪಿನಲ್ಲಿ ಒಬ್ಬಳ ಬಾಕಿ ಇದ್ದರೂ ಅದು ಸಿಗುತ್ತಿರಲಿಲ್ಲ. ಹೌದೋ, ಅಲ್ಲವೋ? ಬೇರೇನೂ ಬರೆಯಬೇಡಿ, ಇದಕ್ಕೆ ಬರೆಯಿರಿ.

ಕುಸುಮ


ಆಲೆಮನೆ ಬೀದಿ
27 ಮಾರ್ಚ್ 2025

ಕುಸುಮಾ ಮೇಡಂನೋರಿಗೆ,

ನೀನು ಮರ್ಯಾದೆ ಕೊಟ್ಟೆ ಅಂತ ನಾನೂ ಕೊಟ್ಟಿದ್ದೀನಿ. ಇಬ್ರೂ ದೊಡ್ಡ ಮನುಷ್ಯರಾಗೋದ್ವಲ್ಲ!

ನಿನ್ನ ರಕ್ಷಣೆ ಹೆಂಗ್ ನಡೀತಿದೆ ಅಂತ ಕೇಳು. ಕೇಸ್ ಮುಗಿಯೋವರ್ಗೂ ಕಾವಲು ಹಾಕಿ ಅಂತ ಕೋರ್ಟು ಹೇಳದಂತೆ, ದಿನಾ ಸಂಜೆ ಮಾದಪ್ಪ ಅಂತ ಒಬ್ರು ಕಾನ್‌ಸ್ಟೇಬಲ್ ಬತ್ತಾರೆ. ಬೈಕ್ ನಿಲ್ಸಿ ನಿನ್ನ ಬಾಗ್ಲ ಬೀಗ ಹಿಡ್ದು ಎಳೀತಾರೆ. ಫೋಟೋ ತೆಗೀತಾರೆ. ಪುಸ್ತಕದಲ್ಲಿ ಗೀಚ್ಕಂಡು ಹೋಯ್ತಾರೆ. ಒಳಗೆ ಒಂದು ಹಲ್ಲಿನಾದ್ರೂ ಐತೋ ಇಲ್ವೋ, ಹಲ್ಲಿಗೂ ರಕ್ಷಣೆ ಐತೆ.

ಈಚೆ ಬಾಗ್ಲು ನಂದು. ಲೋಹಿತ ಬೇರೆ ಬ್ರಾಂಚಿಗೋದ, ಅವನ ಜಾಗಕ್ಕೆ ಇಬ್ರು ಬಂದವ್ರೆ. ನಿನ್ನ ಮನೆ ಕಡೆ ತಿರುಗೂ ನೋಡಲ್ಲ, ಕೋರ್ಟ್ ಆರ್ಡರ್ ಐತಲ್ಲ! ನಿನ್ನ ಪಾಲಿಂದನ್ನೂ ನನ್ನ ತಲೆಗೇ ಕಟ್ಟಿ ನನ್ನ ಹೊಸ್ತಿಲ ಮೇಲೆ ಕೂತ್ಕತಾರೆ. ಮೊನ್ನೆ ಗ್ಯಾಸ್ ಒಲೆ ಎತ್ಕಂಡು ಹೊರಟ್ರು. ನಾನೂ ನಮ್ಮ ಗುಂಪಿನ ಜಯಶೀಲಾನೂ ಆ ಕಡೆಯಿಂದ ಎಳುದ್ವಿ. ಮಾದಪ್ಪ ಅಲ್ಲೇ ನಿನ್ನ ಬೀಗದ ಫೋಟೋ ತೆಗೀತಿದ್ರು. "ಸಾಮೀ, ಇಲ್ ನೋಡಿ" ಅಂತ ಕೂಗ್ದೆ. ಏನಂದ್ರು ಗೊತ್ತಾ? "ಅಮ್ಮಾ, ನಂಗೆ ಡ್ಯೂಟಿ ಹಾಕಿರೋದು ಆ ಮನೆಗೆ. ನಿಮ್ಮದು ಬೇಕಿದ್ರೆ ಬೇರೆ ಅರ್ಜಿ ಕೊಡಿ." ಕೊಡೋಕೋದೆ. ಸ್ಟೇಷನ್ನಲ್ಲಿ, "ನೀವು ಪ್ರತಿವಾದಿ ಕಣಮ್ಮ, ನಿಮಗೆಂಥಾ ರಕ್ಷಣೆ" ಅಂತ ನಕ್ರು.

ಸ್ಕೂಲ್ ಅಡುಗೆ ಮನೆಯಿಂದ್ಲೂ ಆಚೆಗಾಕಿದ್ರು. ಪೊಲೀಸ್ ಕೇಸ್ ಇರೋಳ ಕೈಲಿ ನಮ್ಮ ಮಕ್ಕಳು ಉಣ್ಣಬೇಕಾ ಅಂತ ಯಾವನೋ ಸಭೇಲಿ ಎದ್ದನಂತೆ. ಹೆಡ್‌ಮಾಸ್ಟರು, "ಜೂನ್ ಹತ್ತರೊಳಗೆ ಕೇಸಿಂದ ಹೆಸರು ತೆಗೆಸ್ಕಂಡು ಬಾಮ್ಮ, ಇಲ್ದಿದ್ರೆ ಬೇರೆಯೋರ್ನ ತಗತೀವಿ" ಅಂದ್ರು. ಯಾವನೋ ಎದ್ದ ಅಂದ್ನಲ್ಲ, ಅವನ ಮಗಳಿಗೂ ನಾನೇ ಮುದ್ದೆ ತಿರುವಿದ್ದೋಳು.

ತಟ್ಟೆ ತಟ್ಟೆ ಅಂತ ಕುಣೀಬೇಡ. ನಿನ್ನ ದುಡ್ಡು ನಾನು ತಿಂದಿಲ್ಲ. ಒಂದು ಕವರೂ ಬಿಡ್ದಂಗೆ ಲೋಹಿತನ ಬ್ಯಾಗಿಗೆ ಹಾಕಿ, "ಕುಸುಮಾ ಲೆಕ್ಕಕ್ಕೆ ಬರ್ಕೋ" ಅಂದೆ. ನಿನ್ನ ಸಾಲಾನೇ ತೀರ್ಸಿದ್ದು. ಅದಕ್ಕೆ ಕೋರ್ಟಲ್ಲಿ ನನ್ ಹೆಸ್ರು! ಮುಯ್ಯಿ ಹಾಕ್ದೋರೆಲ್ಲ ಈಗ ನನ್ನನ್ನ ಕೇಳ್ತಾರೆ, "ನಮ್ಮ ಮನೆ ಕಾರ್ಯಕ್ಕೆ ವಾಪಸ್ ಹಾಕೋರು ಯಾರು, ನೀನಾ ಅವಳಾ?" ಅಂತ. ಅದನ್ನೂ ನಾನೇ ಹೊರ್ಲಾ?

ಪುಟ್ಟತಾಯಮ್ಮ


11 ಏಪ್ರಿಲ್ 2025

ಪುಟ್ಟತಾಯಮ್ಮನವರಿಗೆ,

ನಿಮ್ಮ ಪತ್ರವನ್ನು ಮೇಡಂಗೆ ಫೋನಿನಲ್ಲೇ ಓದಿ ಹೇಳಿದೆ. ಅವರು ಫೈನಾನ್ಸಿನಿಂದ ನನ್ನ ಸಾಲದ ಲೆಕ್ಕ ತರಿಸಿದರು. ಜೆರಾಕ್ಸ್ ಇಟ್ಟಿದ್ದೇನೆ, ನಿಮ್ಮ ಟೈಪಿಂಗ್ ಅಂಗಡಿಯವನ ಕೈಯಲ್ಲೇ ಓದಿಸಿಕೊಳ್ಳಿ. ಆರತಿಯ ದಿನ ನನ್ನ ಲೆಕ್ಕಕ್ಕೆ ಬಿದ್ದ ಹಣ: ಏನೂ ಇಲ್ಲ. ಆಮೇಲಿನ ವಾರ: ಏನೂ ಇಲ್ಲ. ಬಡ್ಡಿ ಮಾತ್ರ ಬಿದ್ದಿದೆ, ದಂಡ ಬಿದ್ದಿದೆ.

ಹಾಗಾದರೆ ತಟ್ಟೆ ಎಲ್ಲಿಗೆ ಹೋಯಿತು? ನಿಮ್ಮ ಮಗನ ಆಟೋ ಮಾತ್ರ ಬಂತಲ್ಲ? ಹೊಸ ಸೀಟು, ಹಿಂದೆ ಅಪ್ಪನ ಹೆಸರು ಬರೆಸಿದ್ದಾನಂತೆ. ದೂರ ಇದ್ದರೂ ಕಿವಿ ಕೇಳಿಸುತ್ತದೆ ನನಗೆ.

ಬೀಗಕ್ಕೆ ಪೊಲೀಸರು ಎಂದು ನಕ್ಕಿರಿ. ನಗಿ. ಆ ಬೀಗದ ಹಿಂದೆ ನಾನು ಇರಬೇಕಾಗಿತ್ತು. ಇಲ್ಲಿ ಬೆಳಗಿಂದ ಸಂಜೆಯವರೆಗೆ ಗೇರು ಬೀಜ ಒಡೆಯುತ್ತೇನೆ. ಸಿಪ್ಪೆಯ ಎಣ್ಣೆಗೆ ಬೆರಳಿನ ಚರ್ಮ ಸುಲಿದು ಬರುತ್ತದೆ. ಬೂದಿ ಹಚ್ಚಿಕೊಂಡು ಮತ್ತೆ ಕೂರುತ್ತೇನೆ. ಕುಚ್ಚಲಕ್ಕಿ ಗಂಜಿ ಲಿಖಿತಾಳ ಗಂಟಲಲ್ಲಿ ಇಳಿಯುವುದಿಲ್ಲ, ಮುದ್ದೆ ಬೇಕು ಅನ್ನುತ್ತಾಳೆ. ಎಂಟನೇ ಕ್ಲಾಸಿನ ಪರೀಕ್ಷೆ ಬರೆಯಲಿಲ್ಲ. ಜೂನ್‌ನಲ್ಲಿ ಅವಳು ತನ್ನ ಸ್ಕೂಲಿಗೇ ಹೋಗಬೇಕು, ಅದಕ್ಕೇ ಈ ಕೇಸು. ನಿಮ್ಮ ಮೇಲಿನ ಹಟಕ್ಕೆ ಹೈಕೋರ್ಟಿನವರೆಗೆ ಹೋಗುವಷ್ಟು ನೀವು ದೊಡ್ಡವರಲ್ಲ.

ಆಟೋ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕುಸುಮ


2 ಮೇ 2025

ಪುಟ್ಟತಾಯಮ್ಮನವರಿಗೆ,

ಏನು, ಬಾಯಿ ಬಿದ್ದುಹೋಯಿತೆ? ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಒಂದು ಸಾಲಾದರೂ ಬರೆಯುವಷ್ಟು ಧೈರ್ಯ ಇಲ್ಲವೆ? ಕೋರ್ಟಿನ ಬೇಸಿಗೆ ರಜೆ ಮುಗಿದು ಜೂನ್ ನಾಲ್ಕಕ್ಕೆ ಕೇಸು ಬರುತ್ತದೆ. ಮುಯ್ಯಿ ತಿಂದವಳು ಎಂದು ಬರೆಸುವುದೋ, ಬರೀ ಮನೆಗೆ ಬಂದವಳು ಎಂದು ಬರೆಸುವುದೋ, ಮೇಡಂ ಕೇಳುತ್ತಿದ್ದಾರೆ. ನೀವೇ ಆರಿಸಿಕೊಳ್ಳಿ.

ಕುಸುಮ


ಆಲೆಮನೆ ಬೀದಿ
12 ಮೇ 2025

ಕುಸುಮಾ,

ಬಾಯಿ ಬಿದ್ದೋಗಿರ್ಲಿಲ್ಲ. ಕಾಲು ಊದ್ಕಂಡಿತ್ತು. ಯಾಕೆ ಅಂತ ಕೇಳು.

ನೀನು ಕಳಿಸಿದ್ ಚೀಟಿ ಹಿಡ್ಕಂಡು ಲೋಹಿತ ಇರೋ ಬ್ರಾಂಚಿಗೆ ಬಸ್ ಹತ್ತಿ ಹೋದೆ. ನನ್ನ ನೋಡಿ ಎದ್ದು ಒಳಕ್ಕೋದ. ಮ್ಯಾನೇಜರು, "ರಸೀದಿ ಐತಾ?" ಅಂದ. ಮುಯ್ಯಿಗೆ ಯಾರಾದ್ರೂ ರಸೀದಿ ಹಾಕ್ತಾರೇನೇ? "ಇಲ್ಲ" ಅಂದೆ. "ಹಂಗಾದ್ರೆ ಕೊಟ್ಟಿಲ್ಲ. ಬಂದಿದ್ದೀರ, ನಿಮ್ಮ ಕುಸುಮಾ ಕಂತು ಕಟ್ಟೇ ಹೋಗಿ" ಅಂತ ಶಟರ್ ಅರ್ಧ ಎಳ್ದ. ಸಂಜೆ ಬಾಗ್ಲು ಹಾಕೋವರ್ಗೂ ನಿಲ್ಸಿದ್ರು. ಕುರ್ಚಿ ಇತ್ತು, ಕೂರು ಅನ್ನಲಿಲ್ಲ. ಮಗ ಬಂದು ಆಟೋ ಕಾಗದ ಅಲ್ಲಿಟ್ಟು ನನ್ನ ಕರ್ಕಂಡೋದ. ಹಿಂದೆ ಅಪ್ಪನ ಹೆಸರು ಬರೆಸಿರೋ ಆಟೋ ಈಗ ಅವರ ಬ್ರಾಂಚ್ ಮುಂದೆ ನಿಂತದೆ. ಹೋಗಿ ನೋಡ್ಕಂಡು ಹೊಟ್ಟೆ ತಣ್ಣಗೆ ಮಾಡ್ಕೋ.

ದುಡ್ಡು ಲೋಹಿತ ತಿಂದ. ಇಬ್ರ ಕಣ್ಗೂ ಮಣ್ಣು ಹಾಕಿ ತಿಂದ. ನಾನು ಅವನಿಗೆ ಹಾರ ಹಾಕಬೇಕು, ನಿನ್ನಂಥ ಬುದ್ಧಿವಂತೆನ ನನ್ನ ಮೇಲೆ ಎತ್ತಿ ಕಟ್ಟಿದ್ದಕ್ಕೆ.

ಇನ್ನೊಂದು ಹೇಳ್ತೀನಿ. ನೀನು ಗುಡಿಸಲಿನ ಹಿಂದುಗಡೆ ನಿಮ್ಮಣ್ಣನ ಕೈ ಹಿಡ್ಕಂಡು ಬೇಡ್ಕೋತಿದ್ದೆ, ನೋಡಿರಲ್ಲ. ಲೋಹಿತ ಫೋನ್ ಎತ್ತಿ ಮಗೀನ ವಿಡಿಯೋ ಹಿಡೀತಿದ್ದ. ಹಸೆ ಮೇಲೆ ಕೂತಿರೋದು, ಮಡ್ಲು ತುಂಬಿರೋದು, ಎಲ್ಲಾನೂ. "ಲೀಡರಮ್ಮ, ಇದನ್ನ ಎಲ್ಲಾ ಸೆಂಟರ್ ವಾಟ್ಸಾಪ್ ಗ್ರೂಪಿಗೂ ಬಿಡ್ತೀನಿ, ಸಾಲಗಾರ್ತಿ ಮಗಳ ಆರತಿ ಅಂತ" ಅಂದ. ನನ್ನ ಕೈಗೆ ಸಿಕ್ಕಿದ್ದು ತಟ್ಟೆ. ಎತ್ಕಂಡು ಆಚೆಗೋಗಿ ಅವನ ಬ್ಯಾಗಿಗೆ ಸುರ್ದು, "ಅಳ್ಸು" ಅಂದೆ. ನನ್ನ ಮುಂದೆ ಅಳ್ಸ್ದ. ಮಗೀಗೆ ಗೊತ್ತಾಗ್ಬಾರ್ದು ಅಂತ ಇಷ್ಟು ದಿನ ಬರೀಲಿಲ್ಲ. ಈ ಕಾಗದ ಅವಳ ಕೈಗೆ ಸಿಕ್ಕಿದ್ರೆ ನಿನ್ನ ಸುಮ್ನೆ ಬಿಡಲ್ಲ.

ನೀನೆಲ್ಲಿದ್ದೀಯ ಅಂತ್ಲೂ ನಂಗೆ ಗೊತ್ತು. ಊರು ಬರ್ದಿಲ್ಲ ಅಂತ ಬೀಗಿ ಗೇರು ಬೀಜ, ಕುಚ್ಚಲಕ್ಕಿ ಅಂತೆಲ್ಲ ಬರ್ದಿದ್ದೀಯ, ದಡ್ಡಿ. ಆ ಕಾಗದ ಅವತ್ತೇ ಒಲೆಗಾಕ್ದೆ. ಫೈನಾನ್ಸೋರು "ಎಲ್ಲವ್ಳೆ" ಅಂದಾಗ ಹೊಸೂರು ಕಡೆ ಗಾರ್ಮೆಂಟ್ಸು ಅಂದೆ. ಇಬ್ರೂ ಹೊಸೂರು ಸುತ್ಕಂಡು ಬಂದು ನನ್ನ ಮೇಲೆ ಉರ್ಕಂಡ್ರು. ನಿನಗೋಸ್ಕರ ಅಂತ ಹಿಗ್ಗಬೇಡ.

ಈಗ ಮುಖ್ಯ ವಿಷ್ಯ. ಹೋದ ಮಂಗಳವಾರ ಆ ಇಬ್ರೂ ಇನ್ನಿಬ್ರುನ್ನ ಕರ್ಕಂಡು ಬಂದ್ರು. ನಮ್ಮ ಮನೆಗೆ ಬೀಗ ಜಡೀತೀವಿ ಅಂತ ಹೊಸ ಬೀಗನೇ ತಂದಿದ್ರು. ಜಯಶೀಲಾ ನನ್ನ ಎಳ್ಕಂಡು ಓಡಿದ್ಲು. ಎಲ್ಲಿಗೆ? ನಿನ್ನ ಮೆಟ್ಲ ಮೇಲಕ್ಕೆ. ಹಿಂದೇನೇ ಗುಂಪಿನ ಮಿಕ್ಕೋರೂ ಬಂದು ಕೂತ್ರು. ಮಾದಪ್ಪ ಆಗ ತಾನೇ ಬೈಕ್ ನಿಲ್ಸಿದ್ರು. ಲಾಠಿ ಅಡ್ಡ ಹಿಡ್ದು, "ಈ ಮೆಟ್ಲ ಹತ್ರ ಯಾವನೂ ವಸೂಲಿ ಮಾಡಂಗಿಲ್ಲ, ಹೈಕೋರ್ಟ್ ಆರ್ಡರ್" ಅಂದ್ರು. ನಾಲ್ಕು ಜನಾನೂ ನಲ್ಲಿ ಹತ್ರಾನೇ ನಿಂತ್ರು. ಒಂದು ಹೆಜ್ಜೆ ಮುಂದಕ್ಕಿಡಲಿಲ್ಲ ಕಣೇ! ನನ್ನ ಜನ್ಮದಲ್ಲಿ ಅಂಥಾ ಆಟ ನೋಡಿರ್ಲಿಲ್ಲ. ಜಯಶೀಲಾ ಅಲ್ಲೇ ಕೂತು ಅವರ ಮುಂದೆ ಎಲೆ ಅಡಿಕೆ ಹಾಕ್ಕಂಡ್ಲು.

ಅವ್ರು ಹೋದ್ಮೇಲೆ ಮಾದಪ್ಪ ನನ್ನ ಕಡೆ ತಿರುಗಿದ್ರು. "ಅಮ್ಮಾ, ನೀವೂ ಏಳಿ. ಇಲ್ಲಿ ಕೂರಲ್ಲ ಅಂತ ಮುಚ್ಚಳಿಕೆ ಬರ್ಕೊಟ್ಟಿದ್ದೀರಿ. ಮನೆಯೋರೇ ಬರವಣಿಗೇಲಿ ಒಪ್ಪಿದ್ರೆ ಅದು ಬೇರೆ ಮಾತು."

ನಾನು ಕೇಳ್ತಿಲ್ಲ. ಮಾದಪ್ಪ ಹೇಳಿದ್ದು ಹೇಳ್ದೆ ಅಷ್ಟೆ. ಇನ್ಮೇಲೆ ಮಂಗಳವಾರ ಮಂಗಳವಾರ ಬತ್ತಾರಂತೆ.

ಪುಟ್ಟತಾಯಮ್ಮ


21 ಮೇ 2025

ತಾಯಕ್ಕ,

ಈ ಹೆಸರು ಬರೆದೆ ಎಂದ ಮಾತ್ರಕ್ಕೆ ಮನಸ್ಸು ಕರಗಿತು ಅಂದುಕೊಳ್ಳಬೇಡ. ಪುಟ್ಟತಾಯಮ್ಮನವರು ಎಂದು ಬರೆದು ಬರೆದು ಕೈ ಸೋತಿತು. ಮೊದಲೇ ಸುಲಿದ ಕೈ.

ನಿನ್ನ ಪತ್ರ ಲಿಖಿತಾಳ ಕೈಗೆ ಸಿಗಲಿಲ್ಲ. ನಾನೇ ಕೊಟ್ಟೆ. ಬೈದುಕೋ. ಅವಳು ಎಲ್ಲ ಓದಿ, "ಅವ್ನು ಫೋನ್ ಹಿಡ್ದಿದ್ದು ನಂಗೆ ಗೊತ್ತಿತ್ತಮ್ಮ. ನಾನು ತಲೆ ತಗ್ಗಿಸ್ಕೊಂಡೇ ಕೂತಿದ್ದೆ, ಮುಖ ಬೀಳದಂಗೆ" ಅಂದಳು. ನಿನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇಬ್ಬರೂ ನನ್ನಿಂದ ಮುಚ್ಚಿಟ್ಟಿರಿ. ಅದಕ್ಕೆ ಯಾರ ಮೇಲೆ ಕೇಸು ಹಾಕಲಿ?

ಊರು ಗೊತ್ತಿದ್ದೂ ಹೇಳಲಿಲ್ಲ. ಅದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲ. ನನ್ನ ಬಾಗಿಲಿಗೆ ಅಡ್ಡ ಕೂತವಳು ನೀನು. ಒಂದಕ್ಕೊಂದು ವಜಾ ಆಗುವುದಿಲ್ಲ.

ಮೇಡಂ ಜೊತೆ ಮಾತಾಡಿದೆ. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಫೈಲು ತೆಗೆದರು. ಐದನೇ ಪ್ರತಿವಾದಿ ಎನ್ನುವುದನ್ನು ಹೊಡೆದುಹಾಕಿ ನಿನ್ನನ್ನೂ ಗುಂಪಿನವರನ್ನೂ ನನ್ನ ಪಕ್ಕದಲ್ಲಿ ಅರ್ಜಿದಾರರಾಗಿ ಸೇರಿಸಿ ಎಂದು ಕೋರ್ಟನ್ನು ಕೇಳಬಹುದಂತೆ. ಕೋರ್ಟು ಒಪ್ಪಿದರೆ ಮಾದಪ್ಪನ ಡ್ಯೂಟಿ ನಿನ್ನ ಬಾಗಿಲಿಗೂ ಬರುತ್ತದೆ. ಹೆಡ್‌ಮಾಸ್ಟರಿಗೆ ತೋರಿಸಲು ಆರ್ಡರೂ ಸಿಗುತ್ತದೆ. ಲಿಖಿತಾಳನ್ನು ಸ್ಕೂಲಿಗೆ ಕಳಿಸಲು ನನಗೂ ಧೈರ್ಯ ಬರುತ್ತದೆ, ಪಕ್ಕದ ಗೋಡೆಯ ಆಚೆಯವಳು ಮತ್ತೆ ಲೋಹಿತನಂಥವನ ಮಾತಿಗೆ ಎದ್ದು ಬರುವುದಿಲ್ಲ ಎಂದು.

ಅದಕ್ಕೆ ನೀನು ಅಫಿಡವಿಟ್ ಕೊಡಬೇಕು. ತಟ್ಟೆ ಎತ್ತಿದ್ದು, ಲೋಹಿತನ ಬ್ಯಾಗಿಗೆ ಸುರಿದದ್ದು, ಅವನು ಫೋನ್ ಹಿಡಿದದ್ದು. ಅವನ ಅಪ್ಪನ ಹೆಸರನ್ನು ಈಗ ಮೇಡಂ ಪತ್ತೆ ಮಾಡಿದ್ದಾರೆ. ಖಾಲಿಯಾಗುವ ಐದನೇ ಜಾಗಕ್ಕೆ ಅವನು ಬರುತ್ತಾನೆ.

ಮೇಡಂಗೆ ಅಷ್ಟು ಸಾಕು. ನನಗೆ ಸಾಲದು. ತಟ್ಟೆ ಯಾಕೆ ಎತ್ತಿದೆ ಅಂತ ಹೇಳಿದೆ. ನಂಬಿದ್ದೇನೆ. ಆದರೆ ಅದಕ್ಕೂ ಮುಂಚೆ ಕೂತೆಯಲ್ಲ, ಆಗ ಅವನು ಇನ್ನೂ ಫೋನು ತೆಗೆದೇ ಇರಲಿಲ್ಲ. ಯಾಕೆ ಕೂತೆ? ಇಷ್ಟು ಪತ್ರ ಬರೆದೆ, ಕಾಲು ಊದಿದ್ದು ಬರೆದೆ, ಜಯಶೀಲಾ ಎಲೆ ಅಡಿಕೆ ಹಾಕಿದ್ದೂ ಬರೆದೆ. ಆಟೋ ಹೋಗಿದ್ದನ್ನು ಬರೆದೆ, ಬಂದದ್ದು ಹೇಗೆ ಎಂದು ಬರೆಯಲಿಲ್ಲ. ಅಫಿಡವಿಟ್‌ನಲ್ಲಿ ಆ ಒಂದು ಸಾಲು ಇರಬೇಕು. ಅದನ್ನು ಓದಿದ ಮೇಲೂ ಸಭೆಯಲ್ಲಿ ಯಾರೋ ಎದ್ದು ನಿಲ್ಲಬಹುದು, ನಿನ್ನ ಕೆಲಸ ಹೋಗಲೂಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಈ ರಿಜಿಸ್ಟರ್ ಕವರಿನಲ್ಲಿ ಬಟ್ಟೆಗೆ ಹೊಲಿದಿರುವುದು ನನ್ನ ಮನೆಯ ಬೀಗದ ಕೈ. ಮಾದಪ್ಪನವರಿಗೆ ತೋರಿಸಲು ಒಪ್ಪಿಗೆ ಚೀಟಿ ಬೇರೆ ಇದೆ. ಅದರಲ್ಲಿ ನಿನ್ನ ಹೆಸರು, ಗಂಡನ ಹೆಸರು, ವಿಳಾಸ ಎಲ್ಲಾ ಸರಿಯಾಗಿ ಬರೆದಿದ್ದೇನೆ, ನೋಟೀಸಿನಲ್ಲಿ ಇದ್ದ ಹಾಗೆಯೇ. ಮಂಗಳವಾರ ಗುಂಪಿನವರೆಲ್ಲ ಮೆಟ್ಟಿಲ ಮೇಲೆ ಯಾಕೆ, ಒಳಗೇ ಕೂರಿ. ನಲ್ಲಿ ನೀರೂ ಹಿಡಿದುಕೋ.

ಒಳಗೆ ಹೋದರೆ ಹಸಿರು ಗುಡಿಸಲು ಹಾಗೇ ಇರುತ್ತದೆ. ಎಲೆ ಒಣಗಿ ಉದುರಿರಬಹುದು. ಬಿಚ್ಚಲು ನನಗೆ ಪುರುಸೊತ್ತಾಗಲಿಲ್ಲ. ಹಸೆಯೂ ಅಲ್ಲೇ ಇದೆ. ನೋಡಿಕೊಂಡೇ ಅದನ್ನು ದಾಟಿ ಹೋಗಬೇಕು, ಬೇರೆ ದಾರಿ ಇಲ್ಲ.

ಬೀಗದ ಕೈಯನ್ನು ಜಯಶೀಲಾ ಕೈಗೆ ಕೊಡಬೇಡ. ಮಾದಪ್ಪನ ಕೈಗೂ ಬೇಡ. ಬೀದಿಯವರೆಲ್ಲ ನೋಡುತ್ತಿರುವಾಗ, ಆ ತಟ್ಟೆ ಎತ್ತಿದ ಕೈಯಲ್ಲೇ, ಯಾಕೆ ಕೂತೆ ಅನ್ನುವುದನ್ನು ಬರೆದು ಸೈನ್ ಹಾಕಿದ ಮೇಲೆ, ನೀನೇ ನನ್ನ ಬಾಗಿಲು ತೆಗೆಯಬೇಕು.

ತೆಗೀತೀಯಾ?

ಕುಸುಮ